ನಾಲ್ಕನೇ ನಂಬರಿನ ಗಡಿಯಾರ

ನೀವು ಹೊಸದಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಕಲಿಸಲು ಸೇರುವವರಾದರೆ ಮೊದಲ ದಿನವೇ ಒಂದು ಕೆಲಸ ಮಾಡಿ. ಕಪಾಟಿನಲ್ಲಿರುವ ಸ್ಟಾಪ್ ಕ್ಲಾಕುಗಳನ್ನೆಲ್ಲ ಹೊರಗೆ ತೆಗೆದು ಮೇಜಿನ ಮೇಲೆ ಸಾಲಾಗಿ ಇಡಿ. ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ. ಹೊರಗೆ ಹೋಗಿ ಒಂದು ಚಹಾ ಕುಡಿದು ಬನ್ನಿ. ಬಂದು ನೋಡಿ, ಯಾವುದು ಎಲ್ಲಿದೆ ಅಂತ. ಇಷ್ಟೇ ಕೆಲಸ. ನಾನು ಇದನ್ನು ಮಾಡಲು ಹದಿನೆಂಟು ವರ್ಷ ತೆಗೆದುಕೊಂಡೆ.

ನನ್ನ ಅಡ್ಡಹೆಸರು ಮಗದುಮ್ಮ, ಊರು ಹುಕ್ಕೇರಿ. ಮನೆಯಲ್ಲಿ ಅವ್ವ ಮರಾಠಿ ಮಾತಾಡುತ್ತಿದ್ದಳು, ಹೊಲದಲ್ಲಿ ಅಪ್ಪ ಕನ್ನಡ. ಹೀಗಾಗಿ ವಿದ್ಯಾರ್ಥಿಗಳನ್ನು ಬೈಯಲು ನನ್ನ ಕೈಯಲ್ಲಿ ಎರಡು ಭಾಷೆ ಇದ್ದವು, ಎರಡನ್ನೂ ಧಾರಾಳವಾಗಿ ಬಳಸಿದೆ. ಗೋಕಾಕದ ಒಂದು ಡಿಗ್ರಿ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಯಾವಾಗ ಯಾವ ಬಡ್ತಿ ಸಿಕ್ಕಿತು ಎಂಬುದು ನನಗೇ ಸರಿಯಾಗಿ ನೆನಪಿಲ್ಲ, ನಿಮಗೆ ಅದನ್ನು ಹೇಳಿ ಏನು ಮಾಡಲಿ? ನನ್ನ ಸಿಟ್ಟು ಮಾತ್ರ ಊರಿಗೆಲ್ಲ ನೆನಪಿದೆ. ಈಗಲೂ ಬಸ್ ಸ್ಟ್ಯಾಂಡಿನಲ್ಲಿ ನಲವತ್ತು ದಾಟಿದ ಗಂಡಸರು ನನ್ನನ್ನು ಕಂಡು ಬಾಯಲ್ಲಿಯ ಎಲೆಅಡಿಕೆ ಉಗುಳಿ ಬಂದು ನಮಸ್ಕಾರ ಮಾಡುತ್ತಾರೆ.

ನಮ್ಮ ಲ್ಯಾಬಿನ ಖರೆ ಯಜಮಾನ ನಾನಲ್ಲ, ದಸ್ತಗೀರ ಕಾಕಾ. ಕಾಗದದ ಮೇಲೆ ಅವರು ಅಟೆಂಡರ್. ಬೆಳೆದದ್ದು ಗೋಕಾಕ ಫಾಲ್ಸ್‌ನಲ್ಲಿ, ಮಿಲ್ಲಿನ ಕಾರ್ಮಿಕರ ಮನೆಗಳ ಸಾಲಿನಲ್ಲಿ. ಚಿಕ್ಕಂದಿನಿಂದ ಮಿಲ್ಲಿನ ಸೈರನ್, ಅಂದರೆ ಭೋಂಗಾ ಕೂಗಿದರೆ ಏಳುವುದು, ಭೋಂಗಾ ಕೂಗಿದರೆ ಉಣ್ಣುವುದು. ಹೀಗಾಗಿ ಯಾವ ಗಡಿಯಾರವಾದರೂ ಒಂದು ನಿಮಿಷ ಹಿಂದೆ ಮುಂದೆ ಆದರೆ ಅವರಿಗೆ ಚಪ್ಪಲಿಯಲ್ಲಿ ಹರಳು ಸಿಕ್ಕಂತೆ ಆಗುತ್ತಿತ್ತು. ನನಗಿಂತ ಎಂಟು ವರ್ಷಕ್ಕೆ ದೊಡ್ಡವರು. ನಾನು ಕೆಲಸಕ್ಕೆ ಸೇರಿದ ದಿನ ಯಾವ ಕೀಲಿ ಯಾವ ಕಪಾಟಿಗೆ ಎಂದು ಕಲಿಸಿದವರು ಅವರೇ.

ಇನ್ನು ನಮ್ಮ ಲ್ಯಾಬಿನ ಪದ್ಧತಿಯ ಮಾತು. ಉದಾಹರಣೆಗೆ ಲೋಲಕದ ಪ್ರಯೋಗ ತಗೊಳ್ಳಿ. ದಾರಕ್ಕೆ ಲೋಹದ ಗುಂಡು ಕಟ್ಟಿ ತೂಗಬಿಡಬೇಕು, ಇಪ್ಪತ್ತು ಸಲ ಹೋಗಿ ಬರಲು ಎಷ್ಟು ಸೆಕೆಂಡು ಬೇಕಾಯಿತು ಎಂದು ಸ್ಟಾಪ್ ಕ್ಲಾಕಿನಲ್ಲಿ ನೋಡಬೇಕು. ದಾರದ ಉದ್ದ ಬದಲಿಸುತ್ತ ಎಂಟು ಹತ್ತು ಸಲ ಹೀಗೆ ಮಾಡಿದರೆ ಭೂಮಿಯ ಗುರುತ್ವ ಎಷ್ಟೆಂದು ಲೆಕ್ಕಕ್ಕೆ ಸಿಗುತ್ತದೆ. ಆ ಉತ್ತರ 9.8 ಎಂದು ಎಲ್ಲ ಪುಸ್ತಕಗಳಲ್ಲೂ ಅಚ್ಚಾಗಿ ಕೂತಿದೆ, ಕೆಲಸ ಕೆಟ್ಟದ್ದೇ ಅಲ್ಲಿ. ಹುಡುಗರು ಮೊದಲ ಎರಡು ರೀಡಿಂಗ್ ತೋರಿಕೆಗೆ ತಗೊಳ್ಳುತ್ತಿದ್ದರು. ಆಮೇಲೆ 9.8 ಎಂಬ ಉತ್ತರವನ್ನು ಕೆಳಗೆ ಬರೆದು, ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕಿ, ಉಳಿದ ರೀಡಿಂಗುಗಳನ್ನು ಹುಟ್ಟಿಸುತ್ತಿದ್ದರು. ಇದಕ್ಕೆ ನಮ್ಮಲ್ಲಿ 'ಉಲ್ಟಾ ಲೆಕ್ಕ' ಎಂದೇ ಹೆಸರು. ಹಿರಿಯರು ಕಿರಿಯರಿಗೆ ಮೊದಲ ವಾರದಲ್ಲೇ ಕಲಿಸಿಬಿಡುತ್ತಿದ್ದರು.

ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾನೂ ವಿದ್ಯಾರ್ಥಿಯಾಗಿದ್ದಾಗ ಅದನ್ನೇ ಮಾಡಿದವನು. ಎಲ್ಲರಿಗೂ ಗೊತ್ತಿದ್ದು ಎಲ್ಲರೂ ಮಾಡುವುದನ್ನು ತಪ್ಪು ಎಂದು ಕರೆಯಲು ಯಾರಿಗೂ ಬಾಯಿ ಬರುವುದಿಲ್ಲ. ನನ್ನ ಕೆಲಸ ಇಷ್ಟೇ: ಹುಡುಗರು ಪ್ರಯೋಗ ಬರೆದಿಡುವ ವಹಿ, ಅಂದರೆ ಜರ್ನಲ್ಲಿನ ಕೊನೆಯ ಸಾಲು ನೋಡುವುದು, 9.8ರ ಆಜೂಬಾಜೂ ಇದ್ದರೆ ಸಹಿ ಹಾಕುವುದು, ಇಲ್ಲದಿದ್ದರೆ ಕೆಂಪು ಗೆರೆ ಎಳೆದು 'ತಪ್ಪು, ಮತ್ತೆ ಮಾಡು' ಎಂದು ಬರೆಯುವುದು. ನಾನು ಬಹಳ ಕಟ್ಟುನಿಟ್ಟಿನ ಮಾಸ್ತರ ಎಂದು ಹೆಸರು ಬಂದದ್ದು ಆ ಕೆಂಪು ಗೆರೆಯಿಂದಲೇ.

ತೊಂಬತ್ತರ ದಶಕದ ಕೊನೆಗೆ ಕಾಲೇಜಿಗೆ ಎರಡು ಕಂಪ್ಯೂಟರ್ ಬಂದವು. ಅವಕ್ಕೆ ಅರಿಷಿಣ ಕುಂಕುಮ ಏರಿಸಿ, ಪ್ರಿನ್ಸಿಪಾಲರ ಕೋಣೆಯ ಬಾಜೂಕೆ ಒಂದು ಕೋಣೆಯಲ್ಲಿಟ್ಟು, ಮೇಲೆ ಮಖಮಲ್ಲಿನ ಹೊದಿಕೆ ಹೊದಿಸಿದರು. ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು. ಕೀಲಿ ಪ್ರಿನ್ಸಿಪಾಲರ ಜೇಬಿನಲ್ಲಿ. ವರ್ಷವಿಡೀ ಅದರ ಮೇಲೆ ಆದ ಕೆಲಸ ಅಂದರೆ ಎರಡು ನೋಟಿಸು ಮತ್ತು ವಾರ್ಷಿಕ ಗ್ಯಾದರಿಂಗಿನ ಆಮಂತ್ರಣ ಪತ್ರಿಕೆ.

ನಾನು ಬೆಳಗಾವಿಯಲ್ಲಿ ಒಂದು ಬೇಸಿಗೆ ಪೂರ್ತಿ ಕಂಪ್ಯೂಟರ್ ಕ್ಲಾಸಿಗೆ ಹೋದೆ. ಮಕ್ಕಳ ವಯಸ್ಸಿನವರ ಬಾಜೂಕೆ ಕೂತು ಒಂದೊಂದೇ ಬೆರಳಿನಿಂದ ಒತ್ತುತ್ತ ಕಲಿತೆ. ಬಂದವನೇ ಪ್ರಿನ್ಸಿಪಾಲರ ಮುಂದೆ ನಿಂತೆ.

"ಸರ್ರ, ಒಂದು ಕಂಪ್ಯೂಟರ್ ಲ್ಯಾಬಿಗೆ ಕೊಡ್ರಿ."

"ಮಗದುಮ್ಮ, ನಿಮ್ಮ ಲ್ಯಾಬಿನ್ಯಾಗ ಧೂಳು ಐತಿ, ಆ್ಯಸಿಡ್ಡಿನ ವಾಸನಿ ಐತಿ, ಹುಡುಗೂರು ಅದಾರ. ಅದು ಸೂಕ್ಷ್ಮ ಸಾಮಾನು ರೀ."

"ಆ್ಯಸಿಡ್ಡು ಕೆಮಿಸ್ಟ್ರಿಯವರದ್ರಿ. ನಮ್ಮಲ್ಲಿ ಧೂಳು ಅಷ್ಟ."

ಕೊಡಲಿಲ್ಲ. ಆದರೆ ಪರೀಕ್ಷೆಯ ಟೈಮ್ ಟೇಬಲ್ ಟೈಪ್ ಮಾಡಲು ಇಡೀ ಕಾಲೇಜಿನಲ್ಲಿ ಬರುತ್ತಿದ್ದವನು ನಾನೊಬ್ಬನೇ. "ಲ್ಯಾಬಿನ್ಯಾಗ ಇದ್ರ ಬಿಡುವಿದ್ದಾಗ ಮಾಡಿ ಕೊಡ್ತೇನ್ರಿ, ಇಲ್ಲಿ ಬಂದು ಕುಂಡ್ರಾಕ ನನಗ ಪುರಸೊತ್ತಿಲ್ಲ" ಎಂದೆ. ಎಂಟು ದಿನಕ್ಕೆ ಕಂಪ್ಯೂಟರ್ ಮಖಮಲ್ಲಿನ ಸಮೇತ ಲ್ಯಾಬಿಗೆ ಬಂತು. ಮೇಲಿನವರ ಜೊತೆ ವಾದ ಮಾಡಿ ಗೆದ್ದವನನ್ನು ನಾನು ಕಂಡಿಲ್ಲ, ಅವರಿಗೆ ಬೇಕಾದದ್ದು ನಿಮ್ಮ ಕೈಯಲ್ಲಿದ್ದರೆ ಮಾತ್ರ ಕೆಲಸ ಆಗುತ್ತದೆ.

ಬಂದ ಮೇಲೆ ಮೊದಲು ಮಾಡಿದ್ದು ಒಂದು ಹುಚ್ಚು ಕೆಲಸ. ಪರದೆಯ ಮೇಲೆಯೇ ಪ್ರಯೋಗ ಮಾಡುವ ಒಂದು ಸಿ.ಡಿ. ತಂದೆ. ಮೌಸ್ ಎಂಬ ಇಲಿಯನ್ನು ಒತ್ತಿದರೆ ಲೋಲಕ ತೂಗುತ್ತದೆ, ಬಾಜೂಕೆ ರೀಡಿಂಗ್ ತಾನೇ ಬೀಳುತ್ತದೆ, ಕೊನೆಗೆ 9.8 ಎಂದು ಹೊಳೆಯುತ್ತದೆ. ನನಗೆ ಖುಷಿಯೋ ಖುಷಿ. ಅರ್ಧ ವರ್ಷ ಅದನ್ನೇ ಮಾಡಿಸಿದೆ. ದಸ್ತಗೀರ ಕಾಕಾ ಕೈಕಟ್ಟಿ ನಿಂತು ನೋಡಿ ಒಂದು ದಿನ ಅಂದರು: "ಸರ್ರ, ಇದರಾಗಿನ ದಾರ ಹಿಗ್ಗೂದಿಲ್ಲ, ಫ್ಯಾನಿನ ಗಾಳಿಗೆ ಗುಂಡು ಅತ್ಲಾಗ ಇತ್ಲಾಗ ಆಗೂದಿಲ್ಲ. ಇದು ಲೋಲಕ ಅಲ್ರಿ, ಲೋಲಕದ ಫೋಟೋ."

"ಕಾಕಾ, ನಿಮಗ ಇದು ತಿಳಿಯೂದಿಲ್ಲ, ಸುಮ್ನಿರ್ರಿ" ಎಂದೆ. ಆ ವರ್ಷದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಮೂರು ಮಂದಿ ಗುಂಡಿಗೆ ದಾರ ಕಟ್ಟಲು ಬಾರದೆ ಕಾಕಾನನ್ನೇ ಕರೆದರು. ಕಾಕಾ ಕಟ್ಟಿ ಕೊಟ್ಟರು, ನನ್ನ ಕಡೆ ಒಂದು ಸಲ ನೋಡಿದರು. ಸಿ.ಡಿ. ಕಪಾಟು ಸೇರಿತು.

ಮುಂದಿನ ವರ್ಷ ಬುದ್ಧಿ ಬಂತು ಎಂದುಕೊಂಡೆ. ಪ್ರಯೋಗ ಕೈಯಿಂದಲೇ ಮಾಡಲಿ, ಆದರೆ ರೀಡಿಂಗುಗಳನ್ನು ಕಂಪ್ಯೂಟರಿಗೆ ಹಾಕಿ ನಕ್ಷೆ ಬರೆಸೋಣ ಎಂದು ಶುರು ಮಾಡಿದೆ. ಅದಕ್ಕೂ ಮೊದಲು ಗ್ರಾಫ್ ಹಾಳೆಯ ಮೇಲೆ ಪೆನ್ಸಿಲಿನಿಂದ ಚುಕ್ಕೆ ಇಡುವುದರಲ್ಲೇ ಒಂದು ತಾಸು ಹೋಗುತ್ತಿತ್ತು. ಈಗ ಇಡೀ ತರಗತಿಯ ಚುಕ್ಕೆಗಳು ಒಂದೇ ಪರದೆಯ ಮೇಲೆ, ಒಂದು ನಿಮಿಷದಲ್ಲಿ. ಮೂವತ್ತೆಂಟು ಮಂದಿಯ ಗೆರೆಗಳು ಒಂದರ ಮೇಲೊಂದು ಹಾಸಿದ ಹಾಗೆ ಕೂತವು. ಒಂದು ಗೆರೆ ಮಾತ್ರ ಬೇರೆ ದಾರಿ ಹಿಡಿದಿತ್ತು. ಆ ಗೆರೆ ಸುನಂದಾಳದು.

ಸುನಂದಾ ಕುಲಗೋಡದಿಂದ ಬಸ್ಸಿನಲ್ಲಿ ಬರುತ್ತಿದ್ದ ಹುಡುಗಿ, ಬಿ.ಎಸ್ಸಿ. ಕೊನೆಯ ವರ್ಷ. ಮಾತು ಕಡಿಮೆ. ನಾಲ್ಕನೇ ಮೇಜು ಅವಳದು. ಅವಳ ಉತ್ತರ 9.3 ಬಂದಿತ್ತು. ನಾನು ಕೆಂಪು ಗೆರೆ ಎಳೆದಿದ್ದೆ. ಮತ್ತೆ ಮಾಡಿದಳು, 9.3. ಮತ್ತೆ ಕೆಂಪು ಗೆರೆ. ಮೂರನೇ ಸಲ, ನಾಲ್ಕನೇ ಸಲ, ಅದೇ. ನನ್ನ ಪಿತ್ತ ನೆತ್ತಿಗೇರಿತ್ತು.

ಅವತ್ತು ಎಲ್ಲರ ಮುಂದೆ ಪರದೆಯ ಮೇಲೆ ಬೆರಳಿಟ್ಟು ಹೇಳಿದೆ: "ನೋಡ್ರಿ, ಇಡೀ ಹೊಲದಾಗಿನ ಸಾಲು ನೆಟ್ಟಗ ಅದಾವ. ಒಂದ ಸಾಲು ಸೊಟ್ಟ. ಯಾರು ಕೂರಿಗಿ ಹಿಡದಾರ ನೋಡ್ರಿ ಇಲ್ಲಿ."

ತರಗತಿ ಗೊಳ್ಳೆಂದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ "ಒಂಬತ್ತು ಪಾಯಿಂಟ್ ಮೂರು" ಎಂದ. ಅದೇ ಅವಳ ಹೆಸರಾಯಿತು.

"ಸರ್ರ, ನಾ ನೋಡಿದ್ದ ಬರದೇನ್ರಿ" ಎಂದಳು, ನಿಂತುಕೊಂಡು.

"ನೋಡೂದು ಬರೂದಿಲ್ಲ ನಿನಗ. ಸರಿಯಾದ ಉತ್ತರ ಬರೂತನಾ ನಿನ್ನ ಜರ್ನಲ್ಲಿಗೆ ಸಹಿ ಹಾಕೂದಿಲ್ಲ, ಹೋಗು."

ಜರ್ನಲ್ಲಿಗೆ ಸಹಿ ಇಲ್ಲದಿದ್ದರೆ ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಿಸುವುದಿಲ್ಲ. ಪ್ರಾಕ್ಟಿಕಲ್ ಇಲ್ಲದಿದ್ದರೆ ವರ್ಷ ಹೋಯಿತು. ಗೆಳತಿಯರು ಅವಳಿಗೆ ಉಲ್ಟಾ ಲೆಕ್ಕ ಹೇಳಿಕೊಡಲು ನೋಡಿದರಂತೆ. ಅರ್ಧ ತಾಸಿನ ಕೆಲಸ. ಅವಳು ಒಲ್ಲೆ ಅಂದಳಂತೆ. ಮರುದಿನದಿಂದ ಅವಳು ಬರಲಿಲ್ಲ. ಪರೀಕ್ಷೆಗೆ ಇನ್ನು ಮೂರು ವಾರ ಇತ್ತು. ನಾನು ವಿಚಾರಿಸಲಿಲ್ಲ. ಈಗ ಬರೆಯುವಾಗ ನಾಚಿಕೆ ಆಗುತ್ತದೆ, ಆದರೆ ಬರೆಯದಿದ್ದರೆ ಈ ಕಥನಕ್ಕೆ ಅರ್ಥವೇ ಇಲ್ಲ.

ಅದೇ ಹೊತ್ತಿಗೆ ನನ್ನ ತಲೆಯಲ್ಲಿ ಇನ್ನೊಂದು ಹುಳ ಹೊಕ್ಕಿತ್ತು. ಕಂಪ್ಯೂಟರಿನ ಇಲಿಯೊಂದು ಕೆಟ್ಟಿತ್ತು, ಹೊಟ್ಟೆಯಲ್ಲಿ ರಬ್ಬರಿನ ಗುಂಡು ಇರುವ ಹಳೇ ತರಹದ್ದು. ಬಿಚ್ಚಿ ನೋಡಿದೆ. ಒಳಗೆ ಒಂದು ಸಣ್ಣ ದೀಪ, ಅದರ ಎದುರಿಗೆ ಬೆಳಕು ಗುರುತಿಸುವ ಒಂದು ಸಣ್ಣ ಕಣ್ಣು. ನಡುವೆ ಏನಾದರೂ ಅಡ್ಡ ಬಂದರೆ ಕಣ್ಣಿಗೆ ಗೊತ್ತಾಗುತ್ತದೆ. ಹಾಗಾದರೆ ಆ ನಡುವೆ ಲೋಲಕದ ಗುಂಡನ್ನೇ ಹಾಯಿಸಿದರೆ? ಕಂಪ್ಯೂಟರೇ ಎಣಿಸುತ್ತದೆ, ಕಂಪ್ಯೂಟರೇ ವೇಳೆ ನೋಡುತ್ತದೆ. ಮನುಷ್ಯನ ಕೈ ತಡವರಿಸುವ ಮಾತೇ ಇಲ್ಲ.

ದೀಪ ಮತ್ತು ಕಣ್ಣನ್ನು ಎರಡು ಕಟ್ಟಿಗೆ ತುಂಡಿಗೆ ಕೂರಿಸಿ, ಪ್ರಿಂಟರಿನ ವೈರು ಚುಚ್ಚುವ ಜಾಗಕ್ಕೆ ಜೋಡಿಸಿ, ಇಪ್ಪತ್ತು ಸಾಲಿನ ಒಂದು ಪ್ರೋಗ್ರಾಂ ಬರೆದೆ. ನಾಲ್ಕು ದಿನ ನಡೆಯಲಿಲ್ಲ. ಐದನೇ ದಿನ ಕಾಕಾ ಬಂದು ಕಿಟಕಿ ಮುಚ್ಚಿದರು. "ಬಿಸಲು ಬೀಳಾಕತ್ತೈತ್ರಿ ಅದರ ಕಣ್ಣಾಗ. ನಿಮ್ಮ ದೀಪ ಅದಕ್ಕ ಹೆಂಗ ಕಾಣಬೇಕು?" ಕಿಟಕಿ ಮುಚ್ಚಿದ ಮೇಲೆ ಯಂತ್ರ ಓಡಿತು.

ಕಂಪ್ಯೂಟರಿನ ವೇಳೆಯನ್ನು ಹೇಗೆ ನಂಬುವುದು? ಎರಡು ದಿನ ಮಧ್ಯಾಹ್ನ ರೇಡಿಯೋ ವಾರ್ತೆಗೆ ಮೊದಲು ಬರುವ ಪೀಂ ಪೀಂ ಸದ್ದಿಗೆ ಹಿಡಿದು ನೋಡಿದೆ. ಸರಿ ಇತ್ತು. ಆಮೇಲೆ ಐದನೇ ಮೇಜಿನ ಲೋಲಕ ಹಚ್ಚಿ, ಕೈಯಲ್ಲಿ ಆ ಮೇಜಿನ ಐದನೇ ನಂಬರಿನ ಗಡಿಯಾರ ಹಿಡಿದು ಎರಡನ್ನೂ ಹೋಲಿಸಿದೆ. ಎರಡೂ ಒಂದೇ. ಎದೆ ಉಬ್ಬಿತು. ನಾಲ್ಕನೇ ಮೇಜಿಗೆ ಬಂದೆ. ಗಡಿಯಾರ ಒಂದು ಹೇಳುತ್ತಿತ್ತು, ಕಂಪ್ಯೂಟರ್ ಇನ್ನೊಂದು.

ಮೊದಲು ನನ್ನ ಯಂತ್ರವೇ ಕೆಟ್ಟಿತು ಎಂದುಕೊಂಡು ಅದನ್ನು ಬೈದೆ. ಮತ್ತೆ ಮಾಡಿದೆ. ಅಷ್ಟೇ ವ್ಯತ್ಯಾಸ. ಕೊನೆಗೆ ನಾಲ್ಕನೇ ಗಡಿಯಾರವನ್ನು ಕಂಪ್ಯೂಟರಿನ ಬಾಜೂಕೆ ಇಟ್ಟು ಹತ್ತು ನಿಮಿಷ ಕಾದೆ. ಹತ್ತು ನಿಮಿಷಕ್ಕೆ ಗಡಿಯಾರ ಹದಿನಾರು ಸೆಕೆಂಡು ಮುಂದೆ ಓಡಿತ್ತು.

ಕಾಗದ ತೆಗೆದುಕೊಂಡು ಲೆಕ್ಕ ಹಾಕಿದೆ. ಇಷ್ಟು ಓಡುವ ಗಡಿಯಾರದಿಂದ ಯಾರೇ ಪ್ರಾಮಾಣಿಕವಾಗಿ ಪ್ರಯೋಗ ಮಾಡಿದರೂ ಉತ್ತರ ಎಷ್ಟು ಬರಬೇಕು? ಬಂದದ್ದು 9.3. ಕಂಪ್ಯೂಟರಿನಲ್ಲಿದ್ದ ಹಳೆಯ ರೀಡಿಂಗುಗಳನ್ನು ತೆಗೆದು ನೋಡಿದೆ. ಆ ವರ್ಷ ನಾಲ್ಕನೇ ಮೇಜಿನಲ್ಲಿ ಬೇರೆ ಬೇರೆ ದಿನ ಆರು ಮಂದಿ ಆ ಪ್ರಯೋಗ ಮಾಡಿದ್ದರು. ಐದು ಮಂದಿಗೆ 9.8 ಬಂದಿತ್ತು. ಆ ಗಡಿಯಾರದಿಂದ 9.8 ಬರಲು ಸಾಧ್ಯವೇ ಇಲ್ಲ. ಐದಕ್ಕೂ ನಾನು ಸಹಿ ಹಾಕಿದ್ದೆ. ಖರೆ ಬರೆದವಳು ಒಬ್ಬಳು, ಅವಳ ಪುಟದ ಮೇಲೆ ನಾಲ್ಕು ಕೆಂಪು ಗೆರೆ.

"ಕಾಕಾ, ಈ ಗಡಿಯಾರ ಮುಂದ ಓಡತೈತಿ!" ಎಂದು ಕೂಗಿದೆ.

ಕಾಕಾ ಲೆನ್ಸ್ ಒರೆಸುತ್ತಿದ್ದರು. ತಲೆ ಎತ್ತಲಿಲ್ಲ. "ಓಡತೈತ್ರಿ. ಮೂರು ವರ್ಷದ ಹಿಂದ ನಿಮಗ ಹೇಳೇನಲ್ರಿ."

"ಯಾವಾಗ ಹೇಳಿದ್ರಿ?"

"ಭೋಂಗಾಕ್ಕ ಹಿಡದು ನೋಡಿ ಹೇಳೇನ್ರಿ. ನೀವ ಏನಂದ್ರಿ? 'ಎಲ್ಲಾರ ಉತ್ತರ ಸರಿ ಬರಾಕತ್ತೈತಿ, ಗಡಿಯಾರಕ್ಕ ಏನಾಗೇತಿ? ನಿಮ್ಮ ಭೋಂಗಾನ ತಪ್ಪಿರಬೇಕು' ಅಂದ್ರಿ. ಹುಡುಗೂರೆಲ್ಲಾ ನಕ್ರು. ನಾ ಸುಮ್ನಾದ್ನಿ."

ನೆನಪಾಯಿತು. ಅಂದದ್ದು ಹೌದು. ಸುಳ್ಳು ಉತ್ತರಗಳನ್ನು ಸಾಕ್ಷಿ ಇಟ್ಟು ಸುಳ್ಳು ಗಡಿಯಾರವನ್ನು ನಾನೇ ಸರಿ ಎಂದು ಸಾಧಿಸಿದ್ದೆ. ಗಡಿಯಾರ ಗೊತ್ತಿದ್ದ ಮನುಷ್ಯ ಹತ್ತು ಮಾರು ದೂರದಲ್ಲೇ ನಿಂತಿದ್ದ, ಅವನ ಬಾಯಿ ಮುಚ್ಚಿಸಿದ್ದೆ. "ಕಾಕಾ, ನಾ ಶುದ್ಧ ಕತ್ತೆ ಅದೇನಿ" ಎಂದೆ.

"ಅದನ್ನ ನನಗ ಯಾಕ ಹೇಳ್ತೀರಿ? ಕುಲಗೋಡದ ಬಸ್ಸು ಎರಡಕ್ಕ ಐತ್ರಿ" ಎಂದರು.

ಇಬ್ಬರೂ ಹೋದೆವು. ಎರಡೂ ಕಡೆ ಕಬ್ಬು, ನಡುವೆ ರಸ್ತೆ. ಸುನಂದಾ ಮನೆಯ ಮುಂದೆ ಎಮ್ಮೆಗೆ ಕಣಕಿ ಹಾಕುತ್ತಿದ್ದಳು. ನಮ್ಮನ್ನು ಕಂಡು ಒಳಗೆ ಹೋದಳು. ಅವಳ ಅವ್ವ ಹೊರಗೆ ಬಂದು ಕಂಬಳಿ ಹಾಸಿದರು.

"ಕುಂಡ್ರಿ ಸರ್ರ. ಸಾಲಿ ಸಾಕಂತ ಕುಂತಾಳ್ರಿ ಅಕಿ. ಯಾಕಂದ್ರ ಹೇಳವಲ್ಲಳು. ನೀವರ ಹೇಳ್ರಿ, ಏನ ಮಾಡ್ಯಾಳು?"

"ಅಕಿ ಏನೂ ಮಾಡಿಲ್ರೀ ಯವ್ವಾ. ಮಾಡಿದಾವ ನಾನು. ಕರೀರಿ ಅಕಿನ್ನ."

ಅವಳು ಬಾಗಿಲಿಗೆ ಬಂದು ನಿಂತಳು. ನಾನು ಎದ್ದು ನಿಂತೆ. ಗಡಿಯಾರದ ಕಥೆ ಪೂರ್ತಿ ಹೇಳಿದೆ. "ನಿಂದು ಸರಿ ಐತವಾ ಸುನಂದಾ. ನಂದ ತಪ್ಪು. ನಾಳೆ ಬಾ, ಸಹಿ ಹಾಕಿ ಕೊಡ್ತೇನಿ" ಎಂದೆ.

ಅವಳ ಕಣ್ಣಲ್ಲಿ ನೀರು ತುಂಬಿತು, ಆದರೆ ದನಿ ಗಟ್ಟಿ ಇತ್ತು. "ನನ್ನ ಕೈಯಾಗ ಏನರ ದ್ವಾಷ ಐತೇನೋ ಅಂತ ಮನ್ಯಾಗ ಕಲ್ಲಿಗೆ ದಾರ ಕಟ್ಟಿ ನೋಡೇನ್ರಿ ಸರ್ರ. ಅಪ್ಪನ ಗಡಿಯಾರ ಹಿಡದ್ರ 9.7 ಬರತಿತ್ತು. ಕಾಲೇಜಿನ್ಯಾಗ 9.3."

"ಮತ್ತ ಅದನ್ನ ಬರೀಬಾರದಾಗಿತ್ತೇನು?"

"ಅದು ಮನೀ ರೀಡಿಂಗ್ರಿ. ಕಾಲೇಜಿಂದಂತ ಹೆಂಗ ಬರೀಲಿ?"

ಅವಳು ಒಳಗಿನಿಂದ ಜರ್ನಲ್ ತಂದಳು. "ಬರ್ತೇನ್ರಿ. ಆದ್ರ ಎಲ್ಲಾರ ಮುಂದ ಅಂದೀರಿ, ಎಲ್ಲಾರ ಮುಂದನ ಹೇಳಬೇಕ್ರಿ. ಮತ್ತ ಈ ಕೆಂಪು ಗೆರಿ ಅಳಿಸಬ್ಯಾಡ್ರಿ. ಬಾಜೂಕ ಯಾಕ ಎಳದ್ರಿ ಅಂತ ಬರದು ಸಹಿ ಹಾಕ್ರಿ."

ಅಲ್ಲಿಯೇ ಕಂಬಳಿಯ ಮೇಲೆ ಕೂತು ಬರೆದೆ: 'ಗಡಿಯಾರ ಪರೀಕ್ಷಿಸದೆ ಗೆರೆ ಎಳೆದದ್ದು ನನ್ನ ತಪ್ಪು.' ಕೆಳಗೆ ಸಹಿ. ಕಾಕಾ ಪೆನ್ನಿನ ಮುಚ್ಚಳ ಹಿಡಿದುಕೊಂಡಿದ್ದರು. ಅವ್ವ ಕೊಟ್ಟ ಚಹಾ ಕುಡಿದು ಸಂಜೆಯ ಬಸ್ಸಿಗೆ ತಿರುಗಿ ಬಂದೆವು.

ಮರುದಿನ ಕ್ಲಾಸಿಗೆ ಮೊದಲು ಪ್ರಿನ್ಸಿಪಾಲರು ಕರೆಸಿದರು. ಸುದ್ದಿ ನನಗಿಂತ ಮೊದಲೇ ಅವರ ಕೋಣೆ ಮುಟ್ಟಿತ್ತು. "ಮಗದುಮ್ಮ, ಆ ಗಡಿಯಾರ ಒಗದು ಹೊಸಾದು ತಗೋರಿ. ಹುಡುಗಿಗೆ ಸಹಿ ಹಾಕ್ರಿ. ಸುಮ್ನ ಡಂಗುರ ಹೊಡ್ಯಾಕ ಹೋಗಬ್ಯಾಡ್ರಿ. ಕಾಲೇಜಿನ ಮರ್ಯಾದಿ ಪ್ರಶ್ನೆ ಐತಿ."

"ಸರ್ರ, ಮರ್ಯಾದಿ ಹೋಗಿದ್ದು ಆ ಹುಡುಗೀದು. ಕಾಲೇಜಿಂದು ಇನ್ನೂ ಉಳದೈತಿ, ಅದನ್ನ ಉಳಿಸಾಕ ಹೊಂಟೇನಿ" ಎಂದು ಹೊರಗೆ ಬಂದೆ. ಅವರು ಆಮೇಲೆ ತಿಂಗಳುಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ. ಟೈಮ್ ಟೇಬಲ್ ಮಾತ್ರ ಚೀಟಿ ಬರೆದು ಕಳಿಸುತ್ತಿದ್ದರು, ನಾನು ಟೈಪ್ ಮಾಡಿ ಕೊಡುತ್ತಿದ್ದೆ.

ಕ್ಲಾಸಿನಲ್ಲಿ ಆರು ಗಡಿಯಾರಗಳನ್ನು ಸಾಲಾಗಿ ಇಟ್ಟೆ. ಶುರು ಮಾಡಿ ಹತ್ತು ನಿಮಿಷ ಎಲ್ಲರನ್ನೂ ಸುಮ್ಮನೆ ಕೂರಿಸಿದೆ. ಐದು ಗಡಿಯಾರ ಕಂಪ್ಯೂಟರಿನ ಜೊತೆ ನಿಂತವು, ನಾಲ್ಕನೆಯದು ಮುಂದೆ ಹೋಗಿತ್ತು. ಸುನಂದಾ ಮೊದಲ ಬೆಂಚಿನಲ್ಲಿದ್ದಳು. ಅವಳಿಗೆ ಅಂದ ಮಾತನ್ನು ಒಂದು ಶಬ್ದವೂ ಬಿಡದೆ ಮತ್ತೆ ಹೇಳಿ, ಅದು ತಪ್ಪು ಎಂದೆ. ಆಮೇಲೆ ಕೇಳಿದೆ: "ಈ ಗಡಿಯಾರ ಹಿಡದು 9.8 ತಂದವರು ಎದ್ದು ನಿಲ್ರಿ. ನಾ ಬೈಯೂದಿಲ್ಲ. ಸಹಿ ಹಾಕಿದಾವ ನಾನು, ನಾನೂ ನಿಂತೇನಿ."

ಒಬ್ಬ ನಿಂತ. ಇನ್ನೊಬ್ಬಳು. ಐದೂ ಮಂದಿ ನಿಂತರು. ಅಷ್ಟಕ್ಕೇ ಮುಗಿಯಲಿಲ್ಲ, ನಾಲ್ಕನೇ ಮೇಜಿನವರಲ್ಲದವರೂ ಒಬ್ಬೊಬ್ಬರೇ ಎದ್ದರು. 'ಒಂಬತ್ತು ಪಾಯಿಂಟ್ ಮೂರು' ಎಂದು ಹೆಸರಿಟ್ಟ ಹಿಂದಿನ ಬೆಂಚಿನವನು ಎಲ್ಲರಿಗಿಂತ ಕೊನೆಗೆ ಎದ್ದ. ಕೊನೆಗೆ ಕೂತವಳು ಸುನಂದಾ ಒಬ್ಬಳೇ.

ಅವತ್ತೇ ನಮ್ಮ ಲ್ಯಾಬಿನ ಪದ್ಧತಿ ಬದಲಾಯಿತು. ರೀಡಿಂಗ್ ತಗೊಂಡ ಕೂಡಲೇ ಕಂಪ್ಯೂಟರಿಗೆ ಹಾಕಬೇಕು. ಒಂದು ಸಲ ಹಾಕಿದ ಮೇಲೆ ತಿದ್ದಲು ಬಾರದ ಹಾಗೆ ಪ್ರೋಗ್ರಾಂ ಬರೆದೆ. ಎಲ್ಲ ರೀಡಿಂಗ್ ಮುಗಿಯುವತನಕ ಅದು ಉತ್ತರ ತೋರಿಸುವುದಿಲ್ಲ. ಜರ್ನಲ್ಲಿನಲ್ಲಿ ಮೊದಲ ಪುಟಕ್ಕೆ 'ನನ್ನ ಸಾಧನ ಎಷ್ಟು ತಪ್ಪು ಹೇಳುತ್ತದೆ' ಎಂದು ಬರೆಯಬೇಕು, ಆಮೇಲೆಯೇ ಪ್ರಯೋಗ. ಮೊದಲ ವಾರ ಉತ್ತರಗಳು 9.1ರಿಂದ 10.4ರತನಕ ಚೆಲ್ಲಾಪಿಲ್ಲಿ ಬಂದವು. ಪರದೆ ಕಜ್ಜಿ ಬಂದ ನಾಯಿಯ ಮೈಯಂತೆ ಕಾಣುತ್ತಿತ್ತು. ಆದರೆ ಹುಡುಗರು ಮೊದಲ ಸಲ ಜಗಳ ಆಡತೊಡಗಿದರು: ನಿನ್ನ ದಾರ ಹಿಗ್ಗಿದೆ, ನೀನು ಎಣಿಸುವಾಗ ಸೊನ್ನೆ ಬಿಟ್ಟು ಒಂದರಿಂದ ಶುರು ಮಾಡಿದ್ದೀ, ಫ್ಯಾನ್ ಆರಿಸು. ಹದಿನೆಂಟು ವರ್ಷದಲ್ಲಿ ಆ ಕೋಣೆಯಲ್ಲಿ ಅಂಥ ಜಗಳ ನಾನು ಕೇಳಿರಲಿಲ್ಲ.

ಇದನ್ನು ನಿಮಗೆ ಹೇಳುವ ಕಾರಣವಿದೆ. ಈಗ ನಿಮ್ಮ ಕೈಯಲ್ಲಿ ನಮ್ಮ ಇಲಿಯ ಕಣ್ಣಿಗಿಂತ ನೂರು ಪಟ್ಟು ಒಳ್ಳೆಯ ಸಾಧನಗಳು ಇವೆ. ಅವುಗಳಿಂದ ಕೆಲಸ ಸುಲಭವಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸುಲಭ ಮಾಡಲು ಮಾತ್ರ ಬಳಸಿದರೆ ನನ್ನ ಸಿ.ಡಿ.ಯ ಗತಿಯೇ ಆಗುತ್ತದೆ. ನಿಮ್ಮನ್ನೇ ಹಿಡಿದು ಪರೀಕ್ಷೆ ಮಾಡಲು ಅವನ್ನು ಬಿಡಿ. ಮತ್ತು ನಿಮ್ಮ ಲ್ಯಾಬಿನಲ್ಲಿ ಒಬ್ಬ ದಸ್ತಗೀರ ಕಾಕಾ ಇದ್ದೇ ಇರುತ್ತಾರೆ, ಅವರು ಹೇಳಿದ್ದನ್ನು ಮೊದಲ ಸಲವೇ ಕೇಳಿ.

ಪರೀಕ್ಷೆ ಬಂತು. ಹೊರಗಿನ ಪರೀಕ್ಷಕರಾಗಿ ಮೂಡಲಗಿ ಕಡೆಯಿಂದ ನಾಯಿಕ ಸರ್ ಬಂದಿದ್ದರು, ನನ್ನಂಥದೇ ಕೆಂಪು ಪೆನ್ನಿನ ಮನುಷ್ಯ. ಚೀಟಿ ಎತ್ತಿ ಪ್ರಯೋಗ ಹಂಚುವ ಪದ್ಧತಿ. ಸುನಂದಾ ಎತ್ತಿದಳು. ಲೋಲಕ. ಅವಳು ನೇರ ಕಾಕಾನ ಹತ್ತಿರ ಹೋದಳು.

"ಕಾಕಾ, ನಾಕನೇ ನಂಬರ್ ಗಡಿಯಾರ ಕೊಡ್ರಿ."

ಆ ಗಡಿಯಾರವನ್ನು ಕಾಕಾ ಒಗೆದಿರಲಿಲ್ಲ. ಕೊರಳಿಗೆ ಕೆಂಪು ದಾರ ಕಟ್ಟಿ ಕಪಾಟಿನ ಮೂಲೆಯಲ್ಲಿ ಇಟ್ಟಿದ್ದರು. ನನ್ನ ಮುಖ ನೋಡಿದರು. ನಾನು ನಾಯಿಕ ಸರ್ ಮುಖ ನೋಡಿದೆ. ಪರೀಕ್ಷೆಯಲ್ಲಿ ಬಾಯಿ ಹಾಕುವ ಹಾಗಿಲ್ಲ. ಕಾಕಾ ತೆಗೆದು ಕೊಟ್ಟರು.

ಅವಳು ಮೊದಲು ಹತ್ತು ನಿಮಿಷ ಅದನ್ನು ಕಂಪ್ಯೂಟರಿನ ಬಾಜೂಕೆ ಇಟ್ಟು ಕೂತಳು. ಬೇರೆಯವರು ಆಗಲೇ ಮೂರು ರೀಡಿಂಗ್ ಮುಗಿಸಿದ್ದರು. ಆಮೇಲೆ ದಾರ ಕಟ್ಟಿದಳು, ಫ್ಯಾನ್ ಆರಿಸಿದಳು, ಸೊನ್ನೆಯಿಂದ ಎಣಿಸಿದಳು. ಕೊನೆಗೆ ಗಡಿಯಾರ ಓಡಿದ್ದಷ್ಟನ್ನು ಪ್ರತಿ ರೀಡಿಂಗಿನಲ್ಲೂ ಕಳೆದು ಉತ್ತರ ಬರೆದಳು: 9.76.

ನಾಯಿಕ ಸರ್ ಹಾಳೆ ಎತ್ತಿಕೊಂಡು ನೋಡಿದರು. ಹುಬ್ಬು ಗಂಟಿಕ್ಕಿತು. "ಏನವಾ, ಕಪಾಟಿನ್ಯಾಗ ಛಲೋ ಗಡಿಯಾರ ಐದು ಅದಾವ. ಕೆಟ್ಟಿದ್ದು ಅಂತ ಗೊತ್ತಿದ್ದು ಇದನ್ನ ಯಾಕ ತಗೊಂಡಿ?"

ಸುನಂದಾ ಗಡಿಯಾರ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು.

"ಅವು ಸರಿ ಅದಾವಂತ ಹೇಳ್ತಾರ್ರಿ ಸರ್ರ. ಇದು ಎಷ್ಟು ತಪ್ಪೈತಿ ಅಂತ ನಾನ ನೋಡೇನ್ರಿ."

ನಾಯಿಕ ಸರ್ ಹಾಳೆಯನ್ನು ಮೇಜಿನ ಮೇಲೆ ಇಟ್ಟರು. ಕೆಂಪು ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿದರು. ನನ್ನ ನೀಲಿ ಪೆನ್ನು ಕೇಳಿ ತಗೊಂಡು, ಪೂರ್ತಿ ಅಂಕ ಹಾಕಿ, ಸಹಿ ಮಾಡಿ, ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನೂ ಸಹಿ ಮಾಡಿದೆ. ಅಕ್ಷರ ಒಂದರ ಮೇಲೊಂದು ಬಿದ್ದವು.

ದಾರದ ಉಂಡೆ ಹುಡುಕುತ್ತೇನೆ ಎಂದು ಹೇಳಿ ಕಪಾಟಿನ ಹಿಂದೆ ಹೋಗಿ ನಿಂತೆ. ಕಣ್ಣು ಒರೆಸಿಕೊಂಡೆ, ಮತ್ತೆ ತುಂಬಿದವು, ಮತ್ತೆ ಒರೆಸಿಕೊಂಡೆ. ಆ ಕಡೆಯಿಂದ ಕಾಕಾನ ದನಿ ಕೇಳಿಸಿತು, ಇಡೀ ಲ್ಯಾಬಿಗೆ ಕೇಳುವ ಹಾಗೆ.

"ಸರ್ರ, ದಾರ ಇಲ್ಲೇ ಮ್ಯಾಜಿನ ಮ್ಯಾಲ ಐತ್ರಿ. ನೀವ ಸಾವಕಾಶ ಬರ್ರಿ."